ಅತಿಭಾರಾರೋಪಣ: ಸಿಬ್ಬಂದಿ ಅಧಿಕಾರಿಯ ಬಳಲಿಕೆಯೂ ಮಾಲೀಕನ ಹೊಣೆಯೂ

ಎತ್ತಿನ ಗಾಡಿಯ ಮೇಲೆ ಎಷ್ಟು ಮೂಟೆ ಹೇರಬೇಕೆಂಬುದು ಹಿಂದಿನ ಕಾಲದ ಶ್ರಾವಕ ವರ್ತಕನಿಗೆ ಕೇವಲ ಬಾಡಿಗೆಯ ಲೆಕ್ಕವಲ್ಲ. ಅದು ವ್ರತದ ಲೆಕ್ಕವೂ ಹೌದು. ಗೃಹಸ್ಥನ ಅಹಿಂಸಾಣುವ್ರತಕ್ಕೆ ಒದಗಬಹುದಾದ ಐದು ಅತಿಚಾರಗಳನ್ನು ಎಣಿಸುವಾಗ ಶಾಸ್ತ್ರಕಾರರು ಪ್ರಾಣಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಅನ್ನಪಾನಗಳನ್ನು ತಡೆಯುವುದು ಇವುಗಳ ಸಾಲಿನಲ್ಲಿಯೇ ಅತಿಭಾರಾರೋಪಣವನ್ನೂ, ಅಂದರೆ ತಾಳಲಾರದಷ್ಟು ಹೊರೆ ಹೇರುವುದನ್ನೂ ಇರಿಸಿದ್ದಾರೆ. ಈ ಸಾಲಿನ ಔಚಿತ್ಯ ವಿಚಾರಾರ್ಹವಾದುದು. ಹೊಡೆಯುವವನಲ್ಲಿ ಸಾಮಾನ್ಯವಾಗಿ ಕ್ರೋಧವಿರುತ್ತದೆ. ಹೊರೆ ಹೇರುವವನಲ್ಲಿ ಕ್ರೋಧವೂ ಇರಬೇಕಾಗಿಲ್ಲ, ದ್ವೇಷವೂ ಇರಬೇಕಾಗಿಲ್ಲ. ಸ್ವಲ್ಪ ಲೋಭ, ಸ್ವಲ್ಪ ಅಲಕ್ಷ್ಯ ಇದ್ದರೆ ಸಾಕು. ಆದರೂ ಎರಡಕ್ಕೂ ಒಂದೇ ಹೆಸರು.

ಇಂದಿನ ವ್ಯಾಪಾರ ಉದ್ಯಮಗಳಲ್ಲಿ ಎತ್ತುಗಳು ಕಾಣವು. ಆದರೆ ಯಾವ ತಕ್ಕಡಿಗೂ ಸಿಕ್ಕದ ಒಂದು ಹೊರೆ ಅಲ್ಲಿದೆ. ಅದು ಅನ್ಯರ ಅಳಲಿನ ಹೊರೆ. ಪ್ರತಿಯೊಂದು ಕಾರ್ಖಾನೆಯಲ್ಲಿಯೂ ಕಚೇರಿಯಲ್ಲಿಯೂ ಅದನ್ನು ಹೊರಲೆಂದೇ ನೇಮಕಗೊಂಡವರಿದ್ದಾರೆ. ಹಿಂದೆ ಅವರನ್ನು ಕಾರ್ಮಿಕ ಕಲ್ಯಾಣಾಧಿಕಾರಿ ಎಂದರು, ಬಳಿಕ ಸಿಬ್ಬಂದಿ ಅಧಿಕಾರಿ ಎಂದರು, ಈಗ ಮಾನವ ಸಂಪನ್ಮೂಲ ವಿಭಾಗದವರು ಎನ್ನುತ್ತಾರೆ. ಇವರ ಅಂತರಂಗದ ಬಳಲಿಕೆಯನ್ನು ತಡೆಯುವುದು ಹೇಗೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಆಡಳಿತಶಾಸ್ತ್ರದ್ದು. ಒಳಹೊಕ್ಕು ನೋಡಿದರೆ ಅದು ನೀತಿಶಾಸ್ತ್ರದ ಪ್ರಶ್ನೆ.

ಹುದ್ದೆಯ ಹುಟ್ಟು

ಈ ಹುದ್ದೆ ಹುಟ್ಟಿದ್ದೇ ಒಂದು ಅನ್ಯಾಯವನ್ನು ತಡೆಯಲು. ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಗಿರಣಿಗಳ ಕೂಲಿಕಾರರನ್ನು ಸೇರಿಸುವುದೂ ಬಿಡಿಸುವುದೂ ಮೇಸ್ತ್ರಿಗಳ ಕೈಯಲ್ಲಿತ್ತು. ಕೆಲಸ ಬೇಕಾದವನು ಅವರಿಗೆ ಲಂಚ ತೆರಬೇಕಾಗಿತ್ತು. 1931ರಲ್ಲಿ ವರದಿಯಿತ್ತ ವಿಟ್ಲಿ ಆಯೋಗವು ಈ ಪದ್ಧತಿಯನ್ನು ಖಂಡಿಸಿ, ಕಾರ್ಮಿಕ ಅಧಿಕಾರಿಗಳನ್ನು ನೇಮಿಸಬೇಕೆಂದು ಶಿಫಾರಸು ಮಾಡಿತು. ಸ್ವಾತಂತ್ರ್ಯಾನಂತರ 1948ರ ಕಾರ್ಖಾನೆಗಳ ಕಾಯಿದೆಯ 49ನೆಯ ಕಲಮು 500 ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಕಲ್ಯಾಣಾಧಿಕಾರಿಯ ನೇಮಕವನ್ನು ಕಡ್ಡಾಯಗೊಳಿಸಿತು. 2020ರ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆ ಈ ಮಿತಿಯನ್ನು 250ಕ್ಕೆ ಇಳಿಸಿದೆ. 1975ರಲ್ಲಿ ಲಾರ್ಸನ್ ಅಂಡ್ ಟೂಬ್ರೋ ಸಂಸ್ಥೆಗಾಗಿ ಉದಯ್ ಪಾರೀಕ್ ಮತ್ತು ಟಿ. ವಿ. ರಾವ್ ಎಂಬ ವಿದ್ವಾಂಸರು ರೂಪಿಸಿದ ವ್ಯವಸ್ಥೆಯಿಂದ 'ಮಾನವ ಸಂಪನ್ಮೂಲ ಅಭಿವೃದ್ಧಿ' ಎಂಬ ಹೆಸರು ಭಾರತೀಯ ಉದ್ಯಮದಲ್ಲಿ ರೂಢಿಗೆ ಬಂದಿತು.

ಈ ಚರಿತ್ರೆಯಲ್ಲಿ ಒಂದು ಇಕ್ಕಟ್ಟು ಆದಿಯಿಂದಲೂ ಅಡಗಿದೆ. ಈ ಅಧಿಕಾರಿಗೆ ಸಂಬಳ ಕೊಡುವವನು ಮಾಲೀಕ; ಆತ ಯಾರ ಹಿತ ಕಾಯಬೇಕೋ ಅವರು ಕೆಲಸಗಾರರು. ಕೆಲಸಗಾರರ ದೃಷ್ಟಿಯಲ್ಲಿ ಆತ ಮಾಲೀಕನ ಮನುಷ್ಯ. ಮಾಲೀಕನ ದೃಷ್ಟಿಯಲ್ಲಿ, ಕೆಲಸಗಾರರ ಪರವಾಗಿ ಎರಡು ಮಾತು ಹೆಚ್ಚಾಗಿ ಆಡಿದ ದಿನ, ಆತ ಅವರ ಮನುಷ್ಯ. ಎರಡು ದಂಡೆಗಳ ನಡುವಿನ ಸೇತುವೆಯನ್ನು ಎರಡೂ ಕಡೆಯವರು ತುಳಿಯುತ್ತಾರೆ. ಅದು ತಮ್ಮದೆಂದು ಯಾರೂ ಹೇಳುವುದಿಲ್ಲ.

ಬಳಲಿಕೆಯ ಲಕ್ಷಣ

ದಣಿವು ಬೇರೆ, ಬಳಲಿಕೆ ಬೇರೆ. ದಣಿದವನು ಒಂದು ರಾತ್ರಿ ನಿದ್ರಿಸಿದರೆ ಚೇತರಿಸಿಕೊಳ್ಳುತ್ತಾನೆ. ಇಲ್ಲಿ ಹೇಳುತ್ತಿರುವುದು ನಿದ್ರೆಯಿಂದ ಹೋಗದ ಬಳಲಿಕೆಯನ್ನು. 1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಅವರು ಉಚಿತ ಚಿಕಿತ್ಸಾಲಯಗಳಲ್ಲಿ ಸೇವೆ ಸಲ್ಲಿಸುತ್ತಿದ್ದವರನ್ನು ಕಂಡು ಇದಕ್ಕೆ 'ಬರ್ನ್‌ಔಟ್' ಎಂಬ ಹೆಸರನ್ನು ಬಳಸಿದರು. ಎಣ್ಣೆ ತೀರಿದ ಮೇಲೆ ಬತ್ತಿಯೇ ಉರಿದು ಕರಕಾಗುವ ಸ್ಥಿತಿ ಅದು. ಸೋಮಾರಿಗಳಲ್ಲಿ ಅಲ್ಲ, ಉತ್ಸಾಹದಿಂದ ಸೇವೆಗೆ ಬಂದವರಲ್ಲಿಯೇ ಅವರು ಅದನ್ನು ಕಂಡರೆಂಬುದು ನೆನಪಿಡತಕ್ಕ ಮಾತು. 1981ರಲ್ಲಿ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಅವರು ಇದನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಇದರ ಮೂರು ಲಕ್ಷಣಗಳನ್ನು ಗುರುತಿಸಿತು: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿದು ಅದರ ಬಗೆಗೆ ತಿರಸ್ಕಾರ ಮೂಡುವುದು, ಕೆಲಸದಲ್ಲಿನ ಸಾಮರ್ಥ್ಯ ಕುಂದುವುದು.

ಅದೇ ವರ್ಗೀಕರಣದ ಇನ್ನೊಂದು ಮಾತು ಹೆಚ್ಚು ಮುಖ್ಯವಾದುದು. ಇದೊಂದು ರೋಗವಲ್ಲ, ಸರಿಯಾಗಿ ನಿರ್ವಹಿಸದ ಉದ್ಯೋಗಸ್ಥಳದ ಒತ್ತಡದಿಂದ ಉಂಟಾಗುವ ವಿದ್ಯಮಾನ ಎಂದು ಅದು ಸ್ಪಷ್ಟಪಡಿಸಿದೆ. ಇದರ ನೈತಿಕ ಫಲಿತಾರ್ಥ ಸಣ್ಣದಲ್ಲ. ರೋಗವಾಗಿದ್ದರೆ ರೋಗಿಯನ್ನು ವೈದ್ಯನ ಬಳಿಗೆ ಕಳಿಸಿ ಮಾಲೀಕ ನಿಶ್ಚಿಂತನಾಗಿರಬಹುದಿತ್ತು. ಕೆಲಸದ ಏರ್ಪಾಟಿನಿಂದ ಹುಟ್ಟಿದ್ದಾದರೆ, ಏರ್ಪಾಟು ಮಾಡಿದವನು ಉತ್ತರ ಕೊಡಬೇಕಾಗುತ್ತದೆ.

ಈ ವಿಭಾಗದವರಿಗೇ ಏಕೆ?

ವೈದ್ಯ, ದಾದಿ, ಶಿಕ್ಷಕ, ಪೊಲೀಸ್ ಇವರಿಗೂ ಬಳಲಿಕೆ ಉಂಟು. ಆದರೆ ಸಿಬ್ಬಂದಿ ಅಧಿಕಾರಿಯ ಬಳಲಿಕೆಗೆ ಅದರದೇ ಆದ ಕಾರಣಗಳಿವೆ.

ಮೊದಲನೆಯದು, ತನ್ನದಲ್ಲದ ನಿರ್ಣಯವನ್ನು ತನ್ನ ಬಾಯಿಂದ ಹೇಳುವುದು. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಭವಿಷ್ಯನಿಧಿಯಲ್ಲಿನ ಮಾಲೀಕರ ವಂತಿಗೆಯನ್ನು 58 ವರ್ಷ ತುಂಬುವವರೆಗೆ ಹಿಂಪಡೆಯದಂತೆ ನಿಯಮ ಮಾಡಿತು. ಆ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಮಹಿಳೆಯರು ಬೀದಿಗಿಳಿದರು. 19ರಂದೇ ನಿಯಮ ಹಿಂದಕ್ಕೆ ಹೋಯಿತು. ನಿಯಮ ಮಾಡಿದವರು ದೆಹಲಿಯಲ್ಲಿದ್ದರು. ಹೊಲಿಗೆ ಯಂತ್ರದ ಮುಂದೆ ಕುಳಿತ ತಾಯಿಗೆ 'ನಿನ್ನ ಹಣ ಎಲ್ಲಿಗೂ ಹೋಗುವುದಿಲ್ಲವಮ್ಮ' ಎಂದು ಹೇಳಬೇಕಾದವರು ಆಯಾ ಕಾರ್ಖಾನೆಯ ಸಿಬ್ಬಂದಿ ವಿಭಾಗದವರು. ಹಾಗೆಯೇ 2022 ಮತ್ತು 2023ರಲ್ಲಿ ತಂತ್ರಜ್ಞಾನ ಕಂಪನಿಗಳು ಜಗತ್ತಿನಾದ್ಯಂತ ನೌಕರರನ್ನು ಕಡಿತಗೊಳಿಸಿದಾಗ, ಪಟ್ಟಿ ಸಿದ್ಧಪಡಿಸಿದ ಕೈಗಳು ಬೇರೆ, ಸುದ್ದಿ ಮುಟ್ಟಿಸಿದ ಬಾಯಿ ಬೇರೆ. 2022ರ ನವೆಂಬರಿನಲ್ಲಿ ಮೆಟಾ ಸಂಸ್ಥೆ 11,000ಕ್ಕೂ ಹೆಚ್ಚು ಮಂದಿಯನ್ನು ಬಿಡುಗಡೆ ಮಾಡಿದಾಗ, ಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ವಿಭಾಗಕ್ಕೇ ಹೆಚ್ಚಿನ ಪೆಟ್ಟು ಬಿದ್ದಿತು.

ಎರಡನೆಯದು, ಗುಟ್ಟಿನ ಭಾರ. ಕೆಲಸದ ಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆಯು ಹತ್ತು ಮತ್ತು ಅದಕ್ಕೂ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಆಂತರಿಕ ಸಮಿತಿ ಇರಬೇಕೆಂದೂ, ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕೆಂದೂ, ದೂರಿನ ವಿವರಗಳು ಹೊರಬೀಳಕೂಡದೆಂದೂ ವಿಧಿಸಿದೆ. ಇದು ನ್ಯಾಯವಾದ ವಿಧಿ. ಆದರೆ ಆ 90 ದಿನಗಳ ಕಾಲ ಒಬ್ಬ ಹೆಣ್ಣುಮಗಳ ನೋವಿನ ಮಾತುಗಳನ್ನು ಕೇಳಿ, ಬರೆದುಕೊಂಡು, ಮನೆಯಲ್ಲಿಯೂ ಬಾಯಿ ಬಿಡದೆ, ಮರುದಿನ ಊಟದ ಕೋಣೆಯಲ್ಲಿ ದೂರು ಕೊಟ್ಟವಳಿಗೂ ದೂರಿಗೆ ಒಳಗಾದವನಿಗೂ ಸಮಾನ ಮುಖದಿಂದ ನಮಸ್ಕಾರ ಹೇಳುವ ಕೆಲಸ ಯಾವ ವೇತನಪಟ್ಟಿಯಲ್ಲಿಯೂ ನಮೂದಾಗಿಲ್ಲ.

ಮೂರನೆಯದು, ಕೈಯಲ್ಲಿ ಅಧಿಕಾರವಿಲ್ಲದ ಹೊಣೆ. ಬೋನಸ್ ಎಷ್ಟೆಂದು ನಿಶ್ಚಯಿಸುವವರು ಬೇರೆ, ಪಾಳಿ ಎಷ್ಟು ಗಂಟೆಯೆಂದು ಗೊತ್ತುಮಾಡುವವರು ಬೇರೆ. ಅಸಮಾಧಾನ ಬಂದಾಗ ಮಾತ್ರ 'ಸಿಬ್ಬಂದಿ ವಿಭಾಗ ಏನು ಮಾಡುತ್ತಿದೆ?' ಎಂದು ಎಲ್ಲರೂ ಕೇಳುತ್ತಾರೆ. ಮಾಸ್ಲಾಕ್ ಮತ್ತು ಮೈಕೇಲ್ ಲೈಟರ್ ಅವರು ಬಳಲಿಕೆಯ ಮೂಲಗಳನ್ನು ಆರೆಂದು ವಿಂಗಡಿಸಿದ್ದಾರೆ: ಕೆಲಸದ ಹೊರೆ, ಸ್ವಾತಂತ್ರ್ಯದ ಕೊರತೆ, ಸಲ್ಲದ ಮನ್ನಣೆ, ಮುರಿದ ಸಹಬಾಳ್ವೆ, ಅನ್ಯಾಯ, ಮೌಲ್ಯಗಳ ಘರ್ಷಣೆ. ಈ ಆರರಲ್ಲಿ ಹೊರೆ ಒಂದು ಮಾತ್ರ. ಉಳಿದ ಐದನ್ನು ರಜೆ ಕೊಟ್ಟು ಸರಿಪಡಿಸಲಾಗದು.

ನರಸಾಪುರದ ಪಾಠ

ಹೊರುವವನ ಮೇಲೆ ಹೇರಿದ ಅತಿಭಾರವು ಅವನೊಬ್ಬನನ್ನೇ ಕೆಡವುವುದಿಲ್ಲ ಎಂಬುದಕ್ಕೆ ಕರ್ನಾಟಕದಲ್ಲಿಯೇ ಉದಾಹರಣೆಯಿದೆ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದ ಮೊಬೈಲ್ ಫೋನ್ ಕಾರ್ಖಾನೆಯೊಂದರಲ್ಲಿ ವೇತನದ ತಕರಾರಿನಿಂದ ಗಲಭೆಯೆದ್ದು ಅಪಾರ ಹಾನಿಯಾಯಿತು. ಬಳಿಕ ರಾಜ್ಯದ ಕಾರ್ಖಾನೆಗಳ ಇಲಾಖೆ ನಡೆಸಿದ ತನಿಖೆಯ ಅಂಶಗಳು ಪತ್ರಿಕೆಗಳಲ್ಲಿ ಬಂದವು. ಅಲ್ಪಕಾಲದಲ್ಲಿ ಕೆಲಸಗಾರರ ಸಂಖ್ಯೆ ಸುಮಾರು 5,000ದಿಂದ 10,500ಕ್ಕೆ ಏರಿತ್ತು. ಆ ಅಕ್ಟೋಬರಿನಿಂದ ಪಾಳಿ 12 ಗಂಟೆಗಳಿಗೆ ಹೆಚ್ಚಿತ್ತು. ಹಾಜರಿ ದಾಖಲಿಸುವ ವ್ಯವಸ್ಥೆಯಲ್ಲಿ ದೋಷವಿತ್ತು. ಇಷ್ಟು ಜನರಿಗೆ ತಕ್ಕಂತೆ, ಕಾರ್ಮಿಕ ಕಾನೂನು ಬಲ್ಲವರಿಂದ ಕೂಡಿದ ಮಾನವ ಸಂಪನ್ಮೂಲ ವಿಭಾಗ ಅಲ್ಲಿರಲಿಲ್ಲ. ಕೆಲವರಿಗೆ ಸಂಬಳ ಸರಿಯಾಗಿ, ಸಕಾಲಕ್ಕೆ ಸಂದಾಯವಾಗಿರಲಿಲ್ಲವೆಂದು ಸಂಸ್ಥೆಯೇ ಒಪ್ಪಿ ಕ್ಷಮೆ ಕೇಳಿತು.

ಗಲಭೆ ಯಾವ ಕಾರಣಕ್ಕೂ ಸಮರ್ಥನೀಯವಲ್ಲ. ಆದರೆ ಯಂತ್ರಗಳ ಸಂಖ್ಯೆ ಎರಡು ಪಟ್ಟಾದಾಗ ವಿದ್ಯುತ್ತಿನ ತಂತಿ ತಾಳುವುದೇ ಎಂದು ವಿಚಾರಿಸದ ಮಾಲೀಕನಿಲ್ಲ. ಜನರ ಸಂಖ್ಯೆ ಎರಡು ಪಟ್ಟಾದಾಗ, ಅವರ ಬಟವಾಡೆಯ ತಕರಾರುಗಳನ್ನು ಕೇಳುವ ನಾಲ್ಕು ಕಿವಿಗಳು ಸಾಕೇ ಎಂಬ ಪ್ರಶ್ನೆ ಏಕೆ ಏಳುವುದಿಲ್ಲ? ಕಬ್ಬಿಣಕ್ಕೆ ತಾಳಿಕೆಯ ಮಿತಿಯಿದೆಯೆಂದು ನಂಬಿದವರು ಮನುಷ್ಯನ ಮನಸ್ಸಿಗೆ ಮಿತಿಯಿಲ್ಲವೆಂದು ಭಾವಿಸಿದಂತಾಯಿತು.

ಕೃತ, ಕಾರಿತ, ಅನುಮತ

ಇಲ್ಲಿ ಮೂಲಭೂತ ಪ್ರಶ್ನೆ ಬರುತ್ತದೆ. ಒಬ್ಬ ಕೆಲಸಗಾರನನ್ನು ಬಿಡುಗಡೆ ಮಾಡುವ ನಿರ್ಣಯ ಮಾಲೀಕನದು. ಆಜ್ಞಾಪತ್ರ ಕೊಟ್ಟವನು ಅಧಿಕಾರಿ. ಆ ಮನೆಯವರ ಕಣ್ಣೀರು ಯಾರ ಲೆಕ್ಕಕ್ಕೆ ಜಮಾ ಆಗುತ್ತದೆ? ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಸಮ್ಮತಿಸುವುದು, ಹೀಗೆ ಕೃತ, ಕಾರಿತ, ಅನುಮತ ಎಂದು ಕರ್ಮವನ್ನು ಮೂರಾಗಿ ವಿಂಗಡಿಸಿದ ಪರಂಪರೆಯಲ್ಲಿ ಈ ಪ್ರಶ್ನೆಗೆ ಉತ್ತರ ಅಸ್ಪಷ್ಟವಾಗಿಲ್ಲ. ಮಾಡಿಸಿದವನು ಮಾಡಿದವನ ಬೆನ್ನ ಹಿಂದೆ ಅಡಗಿಕೊಳ್ಳಲಾರನು. ಸಿಬ್ಬಂದಿ ವಿಭಾಗವೊಂದನ್ನು ಸ್ಥಾಪಿಸಿದ ಮಾತ್ರಕ್ಕೆ ಹೊಣೆಯನ್ನು ಅದರ ಹೆಸರಿಗೆ ಬರೆದುಕೊಟ್ಟಂತಾಗುವುದಿಲ್ಲ. ಕೆಲಸವನ್ನು ವಹಿಸಿಕೊಡಬಹುದು, ಕರ್ಮವನ್ನು ವಹಿಸಿಕೊಡಲಾಗದು.

ಅಧಿಕಾರಿಯ ಪಾಲಿಗೂ ಒಂದು ಅಂಶ ಉಳಿಯುತ್ತದೆ. ಅನ್ಯಾಯವೆಂದು ಬಲ್ಲ ಆಜ್ಞೆಯನ್ನು ಮರುಮಾತಿಲ್ಲದೆ ನಡೆಸುವುದು ಅನುಮತವೇ. ಅನೇಕರ ಬಳಲಿಕೆಯ ಒಳಗೆ ಈ ಮುಳ್ಳೇ ಇರುತ್ತದೆ: ಆಕ್ಷೇಪಿಸಬೇಕಾಗಿತ್ತು, ಆಕ್ಷೇಪಿಸಲಿಲ್ಲ. ಆದ್ದರಿಂದ ಬಳಲಿಕೆಯನ್ನು ತಡೆಯುವ ಪ್ರಥಮೋಪಾಯ ವಿಶ್ರಾಂತಿಯಲ್ಲ. ಭಯವಿಲ್ಲದೆ 'ಇದು ಸರಿಯಲ್ಲ' ಎಂದು ಹೇಳುವ ಅವಕಾಶ. ಅಧಿಕಾರಿಯ ಆಕ್ಷೇಪವನ್ನು ಕಡತದಲ್ಲಿ ಬರಹರೂಪದಲ್ಲಿ ದಾಖಲಿಸುವ ಏರ್ಪಾಟು ಇದ್ದರೆ, ಮಾಲೀಕನ ನಿರ್ಣಯ ಬದಲಾಗದಿದ್ದರೂ ಅಧಿಕಾರಿಯ ಅಂತರಂಗ ಸ್ವಲ್ಪ ಹಗುರಾಗುತ್ತದೆ.

ಒಂದು ಆಕ್ಷೇಪಣೆ

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಮಾತುಂಟು. ಅನ್ಯರ ಸುಖದುಃಖಗಳಿಗೆ ಮನಸ್ಸನ್ನು ಹಚ್ಚಿಕೊಳ್ಳುವುದೇ ಬಳಲಿಕೆಗೆ ಕಾರಣವಲ್ಲವೇ? ಸಮಭಾವವುಳ್ಳವನಿಗೆ ಬಳಲಿಕೆ ಎಲ್ಲಿಯದು? ಮಾಧ್ಯಸ್ಥ್ಯವನ್ನು ಬೋಧಿಸುವ ಧರ್ಮವೇ ಇದಕ್ಕೆ ಮದ್ದಲ್ಲವೇ?

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಅರ್ಧ ಸತ್ಯವಾದುದರಿಂದಲೇ ಅಪಾಯವೂ ಇದೆ. ಮಾಧ್ಯಸ್ಥ್ಯ ಭಾವನೆಯು ಒಂಟಿಯಾಗಿ ಉಪದೇಶಿಸಲ್ಪಟ್ಟದ್ದಲ್ಲ; ಮೈತ್ರಿ, ಪ್ರಮೋದ, ಕಾರುಣ್ಯಗಳೊಡನೆ ನಾಲ್ಕನೆಯದಾಗಿ ಬಂದದ್ದು. ತಿಳಿಹೇಳಿದರೂ ಕೇಳದವರ ವಿಷಯದಲ್ಲಿ ಮಾಧ್ಯಸ್ಥ್ಯ. ದುಃಖಿತರ ವಿಷಯದಲ್ಲಿ ಕಾರುಣ್ಯವೇ. ಬಳಲಿಕೆಯ ಎರಡನೆಯ ಲಕ್ಷಣವಾದ ನಿರ್ಲಿಪ್ತ ತಿರಸ್ಕಾರವು ಮಾಧ್ಯಸ್ಥ್ಯದ ವೇಷ ಧರಿಸಿ ಬರುತ್ತದೆ. ಹೊರಗಿನಿಂದ ನೋಡಿದರೆ ಇಬ್ಬರೂ ಅಲುಗಾಡುವುದಿಲ್ಲ. ಒಬ್ಬನು ಶಾಂತನಾಗಿರುವುದರಿಂದ ಅಲುಗಾಡುವುದಿಲ್ಲ. ಇನ್ನೊಬ್ಬನು ಮರಗಟ್ಟಿರುವುದರಿಂದ ಅಲುಗಾಡುವುದಿಲ್ಲ. ಹೆತ್ತ ತಾಯಿ ತೀರಿಕೊಂಡಳೆಂದು ರಜೆ ಕೇಳಲು ಬಂದವನ ಮುಖವನ್ನೂ ನೋಡದೆ 'ಅರ್ಜಿ ಬರೆದಿಡು' ಎನ್ನುವ ಅಧಿಕಾರಿಯನ್ನು ಸಮಚಿತ್ತನೆಂದು ಮೆಚ್ಚುವ ಮಾಲೀಕನು ತನ್ನ ಸಂಸ್ಥೆಯಲ್ಲಿ ಕರುಣೆ ಬತ್ತಿದ್ದನ್ನು ದಕ್ಷತೆಯೆಂದು ಎಣಿಸುತ್ತಿದ್ದಾನೆ.

ಇನ್ನು ಕೆಲವು ಸಂಸ್ಥೆಗಳಲ್ಲಿ ಧ್ಯಾನ ಶಿಬಿರ, ಯೋಗ ತರಗತಿಗಳನ್ನು ಏರ್ಪಡಿಸಿ ಪರಿಹಾರವಾಯಿತೆಂದು ತಿಳಿಯುವುದುಂಟು. ಎರಡು ಗಳಿಗೆ, ಅಂದರೆ 48 ನಿಮಿಷಗಳ ಸಾಮಾಯಿಕದ ಬೆಲೆ ತಿಳಿದವರು ಅಂತರ್ಮುಖತೆಯನ್ನು ಹಳಿಯಲಾರರು. ಆದರೆ ಸಾಮಾಯಿಕವು ಸಾವದ್ಯ ವ್ಯವಹಾರವನ್ನು ಆ ಹೊತ್ತಿಗೆ ನಿಲ್ಲಿಸುವ ವ್ರತ; ಅದನ್ನು ಇನ್ನಷ್ಟು ಹೊತ್ತು ಸಹಿಸುವ ಉಪಾಯವಲ್ಲ. ಎತ್ತಿನ ಕೊರಳಿಗೆ ಹೂವಿನ ಹಾರ ಹಾಕಿದ ಮಾತ್ರಕ್ಕೆ ಗಾಡಿಯ ಮೇಲಿನ ಮೂಟೆ ಹಗುರಾಗದು.

ಕೇಳುವವನ ಮಾತನ್ನು ಕೇಳುವವರು

ಮುನಿಸಂಘದ ಪ್ರಾಚೀನ ವ್ಯವಸ್ಥೆಯಲ್ಲಿ ಈ ಸಮಸ್ಯೆಗೆ ಸಮೀಪವಾದ ಒಂದು ವಿಚಾರವಿದೆ. ಶಿಷ್ಯರ ಆಲೋಚನೆಯನ್ನು, ಅಂದರೆ ದೋಷನಿವೇದನೆಯನ್ನು ಕೇಳುವ ಆಚಾರ್ಯನಿಗೆ ಹೇಳಿದ ಗುಣಗಳಲ್ಲಿ 'ಅಪರಿಸ್ರಾವಿ' ಎಂಬುದೊಂದು. ಕಾದ ಕಬ್ಬಿಣ ಹೀರಿದ ನೀರು ಹೊರಬರದಂತೆ, ಕೇಳಿದ ಗುಟ್ಟು ಅವನಿಂದ ಸೋರಬಾರದು. ಇಂದಿನ ಸಿಬ್ಬಂದಿ ಅಧಿಕಾರಿಯಿಂದ ಕಾಯಿದೆ ಅಪೇಕ್ಷಿಸುವ ಗುಣವೂ ಇದೇ. ಆದರೆ ಪರಂಪರೆ ಅಲ್ಲಿಗೆ ನಿಲ್ಲಲಿಲ್ಲ. ಎಷ್ಟೇ ಗುಣಸಂಪನ್ನನಾದ ಆಚಾರ್ಯನಾದರೂ ತನ್ನ ಶುದ್ಧಿಯನ್ನು ತಾನೇ ಮಾಡಿಕೊಳ್ಳಬಾರದು, ಇನ್ನೊಬ್ಬರ ಸಾಕ್ಷಿಯಲ್ಲಿಯೇ ಮಾಡಿಕೊಳ್ಳಬೇಕು ಎಂದು ವಿಧಿಸಿತು. ಅದಕ್ಕೆ ಕೊಟ್ಟ ದೃಷ್ಟಾಂತ ಕುಶಲ ವೈದ್ಯನದು: ತನಗೆ ರೋಗ ಬಂದಾಗ ಅವನೂ ಇನ್ನೊಬ್ಬ ವೈದ್ಯನಿಗೆ ಹೇಳಿಕೊಳ್ಳುತ್ತಾನೆ. ವೈಯಾವೃತ್ತ್ಯವೆಂಬ ಸೇವೆಗೆ ಅರ್ಹರಾದ ಹತ್ತು ಬಗೆಯವರಲ್ಲಿ 'ಗ್ಲಾನ'ನೂ ಸೇರಿದ್ದಾನೆ. ರೋಗದಿಂದ ಬಳಲಿದವನೆಂದು ಆ ಪದದ ಅರ್ಥ. ಬಳಲುವುದು ಅಪರಾಧವೆಂದು ಎಲ್ಲಿಯೂ ಹೇಳಿಲ್ಲ. ಬಳಲಿದವನನ್ನು ಉಪಚರಿಸುವುದು ತಪಸ್ಸೆಂದು ಹೇಳಿದೆ.

ಈ ದೃಷ್ಟಾಂತವನ್ನು ವ್ಯವಹಾರಕ್ಕೆ ಅನ್ವಯಿಸುವುದು ಕಷ್ಟವಲ್ಲ. ದೂರು ಕೇಳುವವರು ವ್ಯಕ್ತಿಗಳ ಹೆಸರು ಬಿಟ್ಟು ತಮ್ಮ ಮನಸ್ಸಿನ ಭಾರವನ್ನು ಹೇಳಿಕೊಳ್ಳಲು, ಆ ಸಂಸ್ಥೆಗೆ ಸೇರದ ಒಬ್ಬ ಅನುಭವಿ ಹಿರಿಯರನ್ನೋ ಆಪ್ತ ಸಮಾಲೋಚಕರನ್ನೋ ಗೊತ್ತುಮಾಡಬೇಕು. ಕಠಿಣ ವಿಚಾರಣೆಗಳನ್ನು ಸದಾ ಒಬ್ಬರಿಗೇ ವಹಿಸದೆ ಸರದಿಯಂತೆ ಹಂಚಬೇಕು. ಒಂದು ವಿಚಾರಣೆ ಮುಗಿದ ಮೇಲೆ ಕೆಲವು ದಿನ ಬೇರೆ ಬಗೆಯ ಕೆಲಸ ಕೊಡಬೇಕು. ನೌಕರರ ಸಂಖ್ಯೆ ಹೆಚ್ಚಿಸುವ ಮುನ್ನವೇ ಈ ವಿಭಾಗದ ಬಲವನ್ನು ಹೆಚ್ಚಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೆಲಸದಿಂದ ಬಿಡಿಸುವ ಮಾತನ್ನು ಹೇಳುವಾಗ ನಿರ್ಣಯ ಕೈಗೊಂಡವರೇ ಎದುರಿಗೆ ಕುಳಿತಿರಬೇಕು. ಇದರಿಂದ ಎರಡು ಪ್ರಯೋಜನಗಳಿವೆ: ಅಧಿಕಾರಿಯ ಹೊರೆ ಅರ್ಧವಾಗುತ್ತದೆ, ಎದುರಿಗಿರುವವನ ಮುಖ ನೋಡಬೇಕಾಗುವುದರಿಂದ ಅನಾವಶ್ಯಕ ನಿರ್ಣಯಗಳು ತಾವಾಗಿಯೇ ಕಡಿಮೆಯಾಗುತ್ತವೆ.

ಸಣ್ಣ ಸಂಸ್ಥೆಗಳಿಗೂ ಸಲ್ಲುವ ಮಾತು

ಇದೆಲ್ಲ ದೊಡ್ಡ ಕಂಪನಿಗಳ ಸಮಸ್ಯೆಯೆಂದು ಭಾವಿಸಲಾಗದು. ಮೂವತ್ತು ಜನ ದುಡಿಯುವ ಜವಳಿ ಅಂಗಡಿಯಲ್ಲಿ ಮಾನವ ಸಂಪನ್ಮೂಲ ವಿಭಾಗವೆಂಬ ಫಲಕ ಇರುವುದಿಲ್ಲ. ಆದರೆ ಮುಂಗಡ ಸಂಬಳ ಕೇಳುವವರು, ಜಗಳ ತಂದವರು, ಮಗಳ ಮದುವೆಗೆ ರಜೆ ಬೇಕೆನ್ನುವವರು ಎಲ್ಲರೂ ಹೋಗುವುದು ಹಳೆಯ ಗುಮಾಸ್ತರ ಮೇಜಿಗೆ. ಬಸದಿಯ ಆಡಳಿತದಲ್ಲಿಯೂ ಹೀಗೆಯೇ. ಪೂಜೆ ಮಾಡುವ ಇಂದ್ರರು, ಭೋಜನಶಾಲೆಯ ಅಡುಗೆಯವರು, ಕಾವಲುಗಾರರು, ವಿದ್ಯಾರ್ಥಿನಿಲಯದ ಮೇಲ್ವಿಚಾರಕರು, ಇವರೆಲ್ಲರ ಅಹವಾಲುಗಳನ್ನು ಒಬ್ಬ ವ್ಯವಸ್ಥಾಪಕರು ಕೇಳುತ್ತಾರೆ. ಧರ್ಮದರ್ಶಿಗಳ ಅತೃಪ್ತಿಯನ್ನೂ ಅವರೇ ಕೇಳುತ್ತಾರೆ. ಧರ್ಮಸಂಸ್ಥೆಯಲ್ಲಿ 'ಇದು ಸೇವೆಯಲ್ಲವೇ?' ಎಂಬ ಒಂದು ಮಾತಿನಿಂದ ಎಷ್ಟು ಹೊರೆಯನ್ನಾದರೂ ಹೇರಬಹುದಾದ್ದರಿಂದ ಅಲ್ಲಿ ಎಚ್ಚರ ಇನ್ನೂ ಹೆಚ್ಚಾಗಿರಬೇಕು. ಸೇವೆಯೆಂಬುದು ಮಾಡುವವನು ತಾನಾಗಿ ಹೇಳಬೇಕಾದ ಮಾತು; ಮಾಡಿಸುವವನು ಆಡಿದಾಗ ಅದು ಹೇರಿಕೆಯಾಗುತ್ತದೆ.

ಆಡಳಿತ ಮಂಡಳಿಯ ವಾರ್ಷಿಕ ಸಭೆಯಲ್ಲಿ ಜಮಾಖರ್ಚು ಓದಲಾಗುತ್ತದೆ, ಕಟ್ಟಡದ ದುರಸ್ತಿಯ ಚರ್ಚೆಯಾಗುತ್ತದೆ. ಅದೇ ಸಭೆಯಲ್ಲಿ ವ್ಯವಸ್ಥಾಪಕರನ್ನು ಕರೆದು ಕುಳ್ಳಿರಿಸಿ, ಈ ವರ್ಷ ಅವರು ಎಷ್ಟು ದಿನ ರಜೆ ಪಡೆದರು, ಯಾವ ನಿರ್ಣಯವನ್ನು ಒಲ್ಲದ ಮನಸ್ಸಿನಿಂದ ನಡೆಸಬೇಕಾಯಿತು, ಯಾವ ಕೆಲಸಕ್ಕೆ ಇನ್ನೊಬ್ಬರು ಬೇಕು ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆದುಕೊಳ್ಳಲು ಅರ್ಧ ಗಂಟೆ ಸಾಕು. ಗಾಡಿ ಹೊರಡುವ ಮುನ್ನ ಮೂಟೆಗಳನ್ನು ಎಣಿಸುವ ವ್ರತಸ್ಥನಾದ ವರ್ತಕನು ಎತ್ತು ಕುಸಿಯುವವರೆಗೆ ಕಾಯುತ್ತಿರಲಿಲ್ಲ.